ಬೊಮ್ಮನಹಳ್ಳಿಗೆ ಹೊರಟ ಇನ್ಸುಲಿನ್

ಭಾನುವಾರ ಬೆಳಿಗ್ಗೆ ಚಿಕ್ಕಬಾಣಾವರದಲ್ಲಿ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ದೊಡ್ಡದೊಂದು ಥರ್ಮೋಕೋಲ್ ಡಬ್ಬವಿತ್ತು. ಒಳಗೆ ಐಸ್ ಪ್ಯಾಕು, ಟವೆಲ್ಲು, ಅವುಗಳ ನಡುವೆ ಇನ್ಸುಲಿನ್. ಡಬ್ಬದ ಆಯ್ಕೆ ನನ್ನದೇ. ನನ್ನ ಚಿಂತೆಗಳು ಸಣ್ಣ ಡಬ್ಬದಲ್ಲಿ ಹಿಡಿಸುವಂಥವಲ್ಲ.

“ಡಬ್ಬದಲ್ಲಿರೋದು ಮೀನಾ, ಸಾರ್? ಸೋರಿದ್ರೆ ನೀವೇ ಒರೆಸ್ಬೇಕು,” ಎಂದರು ಕಂಡಕ್ಟರು.

ಇನ್ಸುಲಿನ್ ನಮ್ಮ ಮಹಡಿಯ ಬಾಡಿಗೆದಾರ ಯಾಸಿನ್‌ನ ಊರಲ್ಲಿರುವ ತಾಯಿಗೆ. ಸುಡಾನಿನ ಯಾಸಿನ್ ಇಲ್ಲಿ ಫಾರ್ಮಸಿ ಓದುತ್ತಿದ್ದಾನೆ, ಕನ್ನಡವನ್ನೂ ಚೆನ್ನಾಗಿ ಕಲಿತಿದ್ದಾನೆ. ಕಣ್ಣಿನ ಆಪರೇಷನ್ನಿಗೆ ಬಂದಿದ್ದ ಅವನೂರಿನ ಅಮೀನಾ ಎಂಬಾಕೆ ಮರುದಿನ ಹಿಂದಿರುಗುವವರಿದ್ದರು. ಔಷಧಿಯನ್ನು ಅವರ ಕೈಲಿ ಕಳಿಸಲೆಂದು ಬೊಮ್ಮನಹಳ್ಳಿಯ ಅವರ ರೂಮಿಗೆ ನಾವಿಬ್ಬರೂ ಹೊರಟಿದ್ದೆವು.

ಜಾಲಹಳ್ಳಿಯಲ್ಲಿ ಮೆಟ್ರೋ ಹಿಡಿದೆವು. ತಪಾಸಣೆಯ ಎಕ್ಸ್‌ರೇಗೆ ಔಷಧಿ ಕೆಡುತ್ತದೇನೋ ಎಂದು ನಾನು ಗೋಳಾಡಿದೆ. “ಸುಮ್ನಿರಿ ಅಂಕಲ್, ನಿಮ್ಗೇ ಬಿಪಿ ಬರುತ್ತೆ,” ಎಂದ ಯಾಸಿನ್.

ದಿನಾ ಬೆಳಿಗ್ಗೆ ಟೀವಿಯಲ್ಲಿ ಯುದ್ಧದ ಸುದ್ದಿ ನೋಡಿ, “ನಿಮ್ಮೂರಲ್ಲಿ ಬಾಂಬ್ ಬಿತ್ತೇನೋ?” ಎಂದು ಅವನನ್ನು ಕೇಳುವುದು ನನ್ನ ಅಭ್ಯಾಸ. ಇಲ್ಲವೆಂದರೆ ಸಮಾಧಾನವಾಗಿ ಕಾಫಿ ಕುಡಿಯುತ್ತಿದ್ದೆ. ರೈಲಿನಲ್ಲೂ ಅದನ್ನೇ ಕೇಳಿದೆ.

“ಬಾಂಬ್ ಬೀಳ್ಲೇ ಇಲ್ಲ ಅಂಕಲ್. ಕರೆಂಟ್ ಹೋಯ್ತು, ನೀರಿನ ಪಂಪ್ ನಿಂತೋಯ್ತು, ಡಾಕ್ಟ್ರು ಊರು ಬಿಟ್ರು. ಪಕ್ಕದ್ಮನೆ ಮಗು ಭೇದಿ ಆಗಿ ಹೋಗ್ಬಿಡ್ತು. ಅದು ಯುದ್ಧದಲ್ಲಿ ಸತ್ತಿದ್ದು ಅಂತ ಯಾವ ಟೀವೀನೂ ಹೇಳಲ್ಲ.”

ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸುವಾಗ ಆ ಬೆಳಗಿನ ಕಾಫಿಗಳನ್ನೇ ಲೆಕ್ಕ ಹಾಕುತ್ತಿದ್ದೆ. ಎಷ್ಟು ಕಾಫಿ ನೆಮ್ಮದಿಯಾಗಿ ಕುಡಿದುಬಿಟ್ಟಿದ್ದೆ!

ಬೊಮ್ಮನಹಳ್ಳಿಯ ರೂಮಿನಲ್ಲಿ ಅಮೀನಾ ನಮಗೆ ಖರ್ಜೂರ ಕೊಟ್ಟು, ಸಕ್ಕರೆ ಸುರಿದ ಕಪ್ಪು ಚಹಾ ಮಾಡಿಕೊಟ್ಟರು. ನನ್ನ ಡಬ್ಬ ಕಂಡು ನಕ್ಕೇಬಿಟ್ಟರು. ಸುಡಾನಿನ ಬಂದರು ಪಟ್ಟಣದವರೆಗೆ ವಿಮಾನ, ಅಲ್ಲಿಂದಾಚೆ ಅವರಿಗೆ ಲಾರಿ ಪ್ರಯಾಣ; ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ್ದರಿಂದ ಒಂದೇ ಕೈಚೀಲ. ಮಂಚದ ಮೇಲೆ ಬೇರೆಯವರು ತಂದಿಟ್ಟ ಔಷಧಿಗಳೂ ಕಾದಿದ್ದವು.

ಯಾಸಿನ್ ಇನ್ಸುಲಿನ್ ಬಾಟಲಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟ. ಬೇರೆಯವರ ಔಷಧಿಗಳನ್ನು ಸೇರಿಸುವಷ್ಟರಲ್ಲಿ ಅದು ತುಂಬಿತು. ಮಂಚದ ಮೇಲೆ ಮಗುವೊಂದರ ಅಸ್ತಮಾ ಔಷಧಿ ಉಳಿಯಿತು. ಅವನು ಅದನ್ನೇ ನೋಡುತ್ತ ನಿಂತ.

“ನಿಮ್ಮಮ್ಮಂದು ಮೊದ್ಲು ಹೋಗ್ಲಿ ಕಣೋ. ಮಿಕ್ಕಿದ್ದು ಆಮೇಲೆ ನೋಡ್ಕೊಳ್ಳೋಣ,” ಎಂದೆ.

“ಆಮೇಲೆ ಅಂದ್ರೆ ಯಾವಾಗ ಅಂಕಲ್? ಮುಂದೆ ಯಾರು ಹೋಗ್ತಾರೋ ಗೊತ್ತಿಲ್ಲ.”

ಅರ್ಧದಷ್ಟು ಬಾಟಲಿಗಳನ್ನು ಹೊರತೆಗೆದು ನನ್ನ ಡಬ್ಬಕ್ಕೆ ಮರಳಿಸಿ, ಮಗುವಿನ ಔಷಧಿಗೆ ಜಾಗ ಮಾಡಿದ. ಬೇಡವೆನ್ನಲು ನಾನು ಬಾಯಿ ತೆರೆದೆ; ಯಾವ ಮುಖ ಇಟ್ಟುಕೊಂಡು ಹೇಳುವುದು?

ಮನೆಗೆ ಬಂದು ಡಬ್ಬ ತೆರೆದರೆ ಐಸ್ ಇನ್ನೂ ಕರಗಿರಲಿಲ್ಲ. ಆ ತಾಯಿಯ ಅರ್ಧ ಔಷಧಿಯನ್ನು ನಮ್ಮ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಪಕ್ಕ ಇಟ್ಟೆ. ಅಲ್ಲಿ ಅದು ತಣ್ಣಗೆ, ಏನೂ ಕೆಡದೆ ಇದೆ.