ಮೊದಲ ಹಿಡಿ ಮಕ್ತುಮ್ ಕಾಕಾನಿಗೆ

ಆಗ ನಮ್ಮ ಸಂಪಗಾಂವದಲ್ಲಿ ಚಳಿಗಾಲವೆಂದರೆ ತಿನ್ನುವ ಕಾಲ. ಎಳ್ಳಮಾವಾಸ್ಯೆ ಹತ್ತಿರ ಬರುವಷ್ಟರಲ್ಲಿ ಎರೆಹೊಲದ ಬಿಳಿಜೋಳ ಹಾಲು ತುಂಬಿ ನಿಂತಿರುತ್ತಿತ್ತು. ಹೊಲದಲ್ಲೇ ಕುಳ್ಳಿನ ಬೆಂಕಿ ಮಾಡಿ ಹಸಿ ತೆನೆ ಸುಟ್ಟು, ಬಿಸಿ ಇದ್ದಾಗಲೇ ತಿಕ್ಕಿ ಕಾಳು ಬಿಡಿಸಿದರೆ ಅದೇ ಸೀತನಿ. ಅದರ ಮೇಲೆ ಶೇಂಗಾಚಟ್ನಿ, ಪಕ್ಕದಲ್ಲಿ ಬೆಲ್ಲದ ಚೂರು. ಆ ಹೊಗೆಯ ವಾಸನೆ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸೀತನಿ ಆರಿದರೆ ಅದಕ್ಕೆ ಅರ್ಥವಿಲ್ಲ ಎಂಬುದೂ ಅವರಿಗೆ ಗೊತ್ತು. ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ಮಾತ್ರ ಒಂದು ಹಿಡಿ ಬಿಸಿ ಸೀತನಿಯೂ ನನ್ನ ಬಾಯಿಗೆ ಬೀಳಲಿಲ್ಲ. ಅದಕ್ಕೆ ಕಾರಣ ನಮ್ಮ ಆಯಿ, ಅಂದರೆ ಅಪ್ಪನ ತಾಯಿ.

ಆ ವರ್ಷ ದೀಪಾವಳಿಗೆ ಮೊದಲು ಅಪ್ಪ ಬೈಲಹೊಂಗಲದ ಪೇಟೆಯಿಂದ ಮೋಟರ್ ಸೈಕಲ್ ಮೇಲೆ ಬರುವಾಗ ಎಮ್ಮೆ ಅಡ್ಡ ಬಂದು ಬಿದ್ದಿದ್ದ. ತಲೆ ಒಡೆದಿತ್ತು. ರಸ್ತೆ ಪಕ್ಕದ ಹೊಲದಲ್ಲಿದ್ದ ದುಂಡವ್ವ ಎಂಬ ಮುದುಕಿ ತನ್ನ ಸೀರೆಯ ಸೆರಗು ಹರಿದು ಗಾಯಕ್ಕೆ ಕಟ್ಟಿದ್ದಳು. ಅದೇ ದಾರಿಯಲ್ಲಿ ಟೆಂಪೋ ಹೊಡೆದುಕೊಂಡು ಬಂದ ಪಕ್ಕದ ಊರಿನ ಮಕ್ತುಮ್ ಕಾಕಾ, ತುಂಬಿದ್ದ ಈರುಳ್ಳಿ ಚೀಲಗಳನ್ನು ಅಲ್ಲೇ ಇಳಿಸಿ ಅಪ್ಪನನ್ನು ದವಾಖಾನೆಗೆ ಒಯ್ದಿದ್ದ. ಅಪ್ಪ ಉಳಿದ.

ಅವನು ಮನೆಗೆ ಬಂದ ದಿನವೇ ಆಯಿ ಒಂದು ಕಾಯಿದೆ ಮಾಡಿದಳು. ಮನೆಯಲ್ಲಿ ಏನೇ ಒಳ್ಳೆಯದು ಮಾಡಿದರೂ ಮೊದಲು ಆ ಇಬ್ಬರ ಮನೆಗೆ ಮುಟ್ಟಬೇಕು, ಆಮೇಲೆ ನಮ್ಮ ಬಾಯಿಗೆ. ಮುಟ್ಟಿಸುವವರು ನಾನು ಮತ್ತು ನನ್ನ ತಮ್ಮ ಬಸು.

ಶೇಂಗಾ ಹೋಳಿಗೆ ಹಂಚಿನ ಮೇಲೆ ಉಬ್ಬುತ್ತಿರುವಾಗಲೇ ಡಬ್ಬಿ ನಮ್ಮ ಕೈಗೆ ಬರುತ್ತಿತ್ತು. ಹೊಲದ ಬದುವಿನ ಮೇಲೆ ನಡೆಯುವಾಗ ಮೂಗಿಗೆ ಹೋಳಿಗೆ, ಕಾಲಿಗೆ ಜಾಲಿಮುಳ್ಳು. ಓಣಿಯ ಹುಡುಗರೆಲ್ಲ ಚಿಣಿಪಣಿ ಆಡುತ್ತ ನಮ್ಮನ್ನು ನೋಡಿ ನಗುತ್ತಿದ್ದರು.

“ಆಯೀ, ನಾಳಿ ಕೊಟ್ರ ನಡಿಯೂದಿಲ್ಲೇನ?” ಎಂದು ನಾನು ಒಮ್ಮೆ ಅತ್ತೇಬಿಟ್ಟೆ.

“ಟೆಂಪೋದವ್ರು ಅವತ್ತ ನಾಳಿ ನೋಡೂನು ಅಂದ್ರೇನ?” ಎಂದಳು ಆಯಿ, ಒಲೆಯಿಂದ ಮುಖ ಎತ್ತದೆ. “ನಿಮ್ಮಪ್ಪ ಹೆಂಗ ಮನೀಗೆ ಬಂದ ಅನ್ನೂದು ನಿಮ್ಮ ಕಾಲಿಗೆ ಗೊತ್ತಿರಬೇಕು. ನಡೀರಿ, ಲಗೂನ.”

ಅತ್ತ ದುಂಡವ್ವನಿಗೂ ಸಾಕಾಗಿಹೋಗಿತ್ತು. ನಮ್ಮನ್ನು ದೂರದಿಂದ ಕಂಡರೆ ಸಾಕು, “ಬಂದ್ವ ನೋಡ್ರೆವಾ ಮತ್ತ!” ಎಂದು ಕೂಗುತ್ತಿದ್ದಳು. “ಹಳೀ ಸೀರಿ ಇತ್ತು, ಹರದೆ. ಅದಕ್ಕ ಇಷ್ಟ ತಿನಸಬೇಕೇನ ನನಗ? ನನ್ನ ಬಾಯಾಗ ಹಲ್ಲರ ಎಲ್ಲಿ ಅದಾವ? ನಿಮ್ಮ ಆಯೀಗೆ ಹೇಳ್ರಿ, ಸಾಕಂತ.” ನಾವು ಹೇಳುತ್ತಿದ್ದೆವು. ಮರುದಿನದಿಂದ ದುಂಡವ್ವನ ಪಾಲು ಮೆತ್ತಗಿನದಾಯಿತು, ಅಷ್ಟೇ. ಹೋಳಿಗೆಯ ಬದಲು ಮಾದಲಿ, ಅದನ್ನು ನೆನೆಸಲು ಬೇರೆ ಗಿಂಡಿಯಲ್ಲಿ ಹಾಲು. ಹಾಲು ಚೆಲ್ಲದಂತೆ ಬದುವಿನ ಮೇಲೆ ನಡೆಯುವ ಕಷ್ಟ ಬಸುನ ಪಾಲಿಗೆ ಬಂತು.

ಎಲ್ಲರಿಗಿಂತ ಹೆಚ್ಚು ಕುದಿಯುತ್ತಿದ್ದವನು ಅಪ್ಪ. ಡಬ್ಬಿ ಹೊರಟಾಗಲೆಲ್ಲ ಅವನು ಎದ್ದು ಹಿತ್ತಲಿಗೆ ಹೋಗಿಬಿಡುತ್ತಿದ್ದ. ಹಣೆಯ ಮೇಲಿನ ಕಲೆ ಕಾಣದಂತೆ ಟೊಪ್ಪಿಗೆ ಕೆಳಗೆ ಎಳೆದುಕೊಳ್ಳುತ್ತಿದ್ದ. ಒಂದು ಸಲ ಟೆಂಪೋ ಎದುರು ಬಂದಾಗ ಅಪ್ಪ ತಟ್ಟನೆ ಬೇರೆ ಓಣಿಗೆ ತಿರುಗಿದ್ದನ್ನು ನಾನೇ ನೋಡಿದ್ದೆ.

ಒಂದು ಮುಂಜಾನೆ ಸೀತನಿಯ ಡಬ್ಬಿ ಕಟ್ಟುವಾಗ ಅವನ ಸಹನೆ ಮುಗಿಯಿತು. “ಇನ್ನ ಎಷ್ಟ ದಿವ್ಸ ಅವ್ವಾ? ಊರ ತುಂಬ ನನ್ನ ಮೆರವಣಿಗಿ ಮಾಡಾಕ ಹತ್ತೀಯಲ್ಲ! ನಾ ಬಿದ್ದಿದ್ದು, ಒಬ್ಬಾಂವ ಎತ್ತಿದ್ದು, ದಿನಾ ನೆನಸಬೇಕೇನ? ಇವತ್ತಿಂದ ಡಬ್ಬಿ ಬಂದ್!”

ಆಯಿ ಕಟ್ಟಿದ್ದ ಗಂಟು ಬಿಚ್ಚಿ ಡಬ್ಬಿಯನ್ನು ಕೆಳಗಿಟ್ಟಳು. ಬಸು ಮತ್ತು ನಾನು ಒಳಗೊಳಗೇ ಕುಣಿದೆವು. ಆದರೆ ಆಯಿ ಆ ದಿನ ಸೀತನಿ ಮುಟ್ಟಲಿಲ್ಲ. ಅವಳು ಮುಟ್ಟದ್ದನ್ನು ನಮ್ಮವ್ವ ಮುಟ್ಟಲಿಲ್ಲ. ತಟ್ಟೆಯ ಮುಂದೆ ಕೂತ ನಮಗೂ ಕೈ ಹಾಕುವ ಧೈರ್ಯ ಬರಲಿಲ್ಲ. ಎಲ್ಲರ ಕಣ್ಣೆದುರಿಗೇ ಅದು ಆರಿ ಹೋಯಿತು. ಇಂಥ ಮನೆಯಲ್ಲಿ ಹುಟ್ಟಿದ್ದಕ್ಕೆ ನನಗೆ ಎಲ್ಲರ ಮೇಲೂ ಸಿಟ್ಟು ಬಂತು.

ಡಬ್ಬಿ ನಿಂತು ಕೆಲವು ದಿನಗಳಾಗಿದ್ದವು. ಟೆಂಪೋ ನಮ್ಮ ಮನೆಯ ಮುಂದೆಯೇ ಬಂದು ನಿಂತಿತು. ಮಕ್ತುಮ್ ಕಾಕಾ ಚಪ್ಪಲಿ ಬಿಡುವುದಕ್ಕೂ ಪುರಸತ್ತಿಲ್ಲದವನಂತೆ ಬಾಗಿಲಲ್ಲೇ ಕೇಳಿದ: “ಅಣ್ಣಾರು ಆರಾಮ ಅದಾರಿಲ್ಲರಿ ಯವ್ವಾ? ಹುಡುಗ್ರು ಬರೂದು ನಿಂತಿತಲ್ಲ, ನನ್ನ ಎದಿ ಧಸಕ್ ಅಂತು. ತಲೀ ಪೆಟ್ಟು ನೋಡ್ರಿ, ಮತ್ತೇನರ ಆತೇನೋ ಅಂತ...”

ಹಿತ್ತಲಿಗೆ ಹೊರಟಿದ್ದ ಅಪ್ಪ ನಡುಮನೆಯಲ್ಲಿ ಸಿಕ್ಕಿಬಿದ್ದ.

“ಕುಂದರ್ರಿ, ಮಕ್ತುಮಸಾಬ್ರ,” ಎಂದ ಅಪ್ಪ. ನೆಲ ನೋಡುತ್ತ ಮೆಲ್ಲಗೆ ಕೇಳಿದ: “ಅವತ್ತ ನಾ ಭಾಳ ಅತ್ತೇನ್ರಿ?”

ಅಪ್ಪ ಅಳುತ್ತಾನೆ ಎಂಬುದೇ ನನಗೆ ಗೊತ್ತಿರಲಿಲ್ಲ.

“ಅತ್ರಿ,” ಎಂದ ಕಾಕಾ. “ಹುಡುಗ್ರ ಹೆಸರು ಹಿಡದು ಅತ್ರಿ. ಅದ್ರಾಗ ಏನೈತ್ರಿ, ನಾನೂ ಅಳಾಕ ಹತ್ತಿದ್ದೆ. ಆದ್ರ ನೀವು ನನ್ನ ಅಂಗಿ ತೋಳ ಹಿಡದಾವ್ರು ಬಿಡಲೇ ಇಲ್ಲ ನೋಡ್ರಿ. ಗೇರ್ ಹಾಕೂದ ಹೆಂಗ? ಬೈಲಹೊಂಗಲ ತನಕಾ ಎರಡನೇ ಗೇರಿನ ಮ್ಯಾಲೇ ಹೊಡಕೊಂಡ ಹೋಗೇನಿ!”

ಅಪ್ಪ ನಕ್ಕ. ಬಿದ್ದ ದಿನದಿಂದ ಅವನು ನಕ್ಕದ್ದು ಅದೇ ಮೊದಲು. ನಗುತ್ತ ನಗುತ್ತ ಟೊಪ್ಪಿಗೆ ತೆಗೆದು ಕಣ್ಣು ಒರೆಸಿಕೊಂಡ. ಆಯಿ ಒಳಗಿನಿಂದ ಚಹಾ ಕಳಿಸಿದಳು, ತಾನು ಹೊರಗೆ ಬರಲಿಲ್ಲ. ಅದರ ಮುಂದಿನ ಸಲ ಜೋಳದ ತೆನೆ ಸುಟ್ಟಾಗ ಅಪ್ಪನೇ ಡಬ್ಬಿ ಹಿಡಿದುಕೊಂಡು ಹೊರಟ, ಸಂಜೆಯವರೆಗೂ ತಿರುಗಿ ಬರಲಿಲ್ಲ. ಹಾಗೆಂದು ನಮಗೆ ಬಿಡುಗಡೆ ಸಿಕ್ಕಿತೆಂದು ತಿಳಿಯಬೇಡಿ. ದುಂಡವ್ವನ ಮನೆಗೆ ನಾವು ಹೋಗಲೇಬೇಕಿತ್ತು, ಅವಳು ಬೈಯಲೇಬೇಕಿತ್ತು.

ಆಯಿ ಇಲ್ಲ, ದುಂಡವ್ವ ಇಲ್ಲ, ಮಕ್ತುಮ್ ಕಾಕಾನೂ ಹೋಗಿ ಬಹಳ ವರ್ಷವಾಯಿತು. ನಾನೀಗ ಬೈಲಹೊಂಗಲದಲ್ಲೇ ಸಂಸಾರ ಮಾಡಿಕೊಂಡಿದ್ದೇನೆ. ನನ್ನ ಮಗಳ ಶಾಲೆಯಲ್ಲಿ, ಮನೆಯಲ್ಲಿ ಕೃತಜ್ಞತೆಯ ವಾತಾವರಣ ಇರಬೇಕೆಂದು ತಾಯಂದಿರನ್ನು ಕೂರಿಸಿ ಭಾಷಣ ಮಾಡಿದರು. ಊಟಕ್ಕೆ ಮೊದಲು ಮಗು ಯಾರಿಗಾದರೂ ಥ್ಯಾಂಕ್ಸ್ ಹೇಳಬೇಕಂತೆ. ಹೇಳುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಗ್ರೂಪಿಗೆ ಹಾಕಬೇಕಂತೆ. ತಿರುಗಿ ಐವತ್ತು ಹೆಬ್ಬೆರಳು ಬರುತ್ತವೆ.

ಮೊನ್ನೆ ಮಗಳು ತಟ್ಟೆಯ ಮುಂದೆ ಕಣ್ಣು ಮುಚ್ಚಿ ಕೈಮುಗಿದು, “ಅಜ್ಜಿ ಬಿದ್ದಾಗ ದವಾಖಾನಿಗೆ ಕರ್ಕೊಂಡ ಹೋದ ಆಟೋ ಅಂಕಲ್‌ಗೆ ಥ್ಯಾಂಕ್ಸ್,” ಎಂದಳು. ಹೋದ ತಿಂಗಳು ನನ್ನ ಅತ್ತೆ ಮೆಟ್ಟಿಲಿನಿಂದ ಜಾರಿದ್ದರು.

“ಯಾರವ್ವಾ ಆ ಅಂಕಲ್?” ಎಂದೆ.

“ಗೊತ್ತಿಲ್ಲ.”

“ಅವರ ಮನಿ ಎಲ್ಲಿ?”

“ಗೊತ್ತಿಲ್ಲ. ನಿನಗ?”

ನಾನು ಗಂಡನ ಮುಖ ನೋಡಿದೆ. ಅವರು ಅತ್ತೆಯ ಮುಖ ನೋಡಿದರು. ಮಗಳು ನಮ್ಮ ಉತ್ತರಕ್ಕೆ ಕಾಯಲಿಲ್ಲ, ಊಟ ಶುರು ಮಾಡಿದಳು.