ಐದು ಸಲ ಬೇಡ, ಒಂದು ಸಲ ಯೆಸ್

ಫೆಬ್ರವರಿ 25, ಶನಿವಾರ, ಬೆಳಿಗ್ಗೆ 9.10. ಕ್ಯಾಂಪ್‌ಬೆಲ್ ಊರಿನ ಮನೆಯಿಂದ ಹೊರಟೆವು. ಸ್ಯಾನ್ ಹೊಸೆಯ ಪೂರ್ವಕ್ಕಿರುವ ಬೆಟ್ಟದ ಮೇಲೆ ಹಿಮ ಬಿದ್ದಿತ್ತು. ಅಜ್ಜಿ ಮೈಸೂರಿನಿಂದ ಬಂದು ಎರಡು ತಿಂಗಳಾಗಿದ್ದರೂ ಹಿಮ ಮುಟ್ಟಿರಲಿಲ್ಲ. ಕಾರು ಓಡಿಸಿದ್ದು ಅವರ ಕಿರಿಯ ಮಗ, ನನ್ನ ಚಿಕ್ಕಪ್ಪ. ನಾನು ಅವರ ಮನೆಯಲ್ಲಿದ್ದುಕೊಂಡೇ ಓದುತ್ತಿದ್ದೇನೆ.

ಅಜ್ಜಿಗೆ ಸಕ್ಕರೆ ಕಾಯಿಲೆ. ಎಂಟಕ್ಕೆ ಮಾತ್ರೆ ನುಂಗಿ ಎರಡು ಇಡ್ಲಿ ತಿಂದಿದ್ದರು. ಹನ್ನೊಂದಕ್ಕೆ ಮತ್ತೇನಾದರೂ ಹೊಟ್ಟೆಗೆ ಬೀಳಲೇಬೇಕು. ನಾನು ತುಂಬಿಟ್ಟಿದ್ದ ತಿಂಡಿ ಡಬ್ಬಿಯನ್ನು ಚಿಕ್ಕಪ್ಪ ಕಾರಿಗೆ ತರಲು ಬಿಡಲಿಲ್ಲ. "ಹನ್ನೊಂದರೊಳಗೆ ವಾಪಸ್ ಬಂದ್ಬಿಡ್ತೀವಲ್ಲ, ಅದ್ಯಾಕೆ?"

10.40. ಬೆಟ್ಟ ಹತ್ತುವಾಗ ಒಂದು ತಿರುವಿನಲ್ಲಿ ಎದುರಿನ ಕಾರಿಗೆ ದಾರಿ ಬಿಡಲು ಹೋಗಿ ನಮ್ಮ ಕಾರಿನ ಬಲಗಡೆಯ ಎರಡೂ ಚಕ್ರ ರಸ್ತೆಯಂಚಿನ ಕೆಸರು ಹಿಮದಲ್ಲಿ ಹೂತುಕೊಂಡವು. ಫೋನಿಗೆ ಸಿಗ್ನಲ್ ಇಲ್ಲ.

10.44ಕ್ಕೆ ಮೊದಲ ಕಾರು ನಿಂತಿತು. ಸಹಾಯ ಬೇಕಾ ಎಂದು ಅದರಲ್ಲಿದ್ದವನು ಕೇಳಿದ. ಚಿಕ್ಕಪ್ಪ ಬಾಯ್ತುಂಬ ನಕ್ಕು, "ನೋ ನೋ, ವಿ ಆರ್ ಫೈನ್!" ಎಂದರು. ಅವನು ಕೈ ಬೀಸಿ ಹೊರಟುಹೋದ. 10.55ಕ್ಕೆ ಒಂದು ಜೋಡಿ ಬಂತು. ಹುಡುಗಿ ಸಲಿಕೆಯನ್ನೇ ಹೊರಗೆ ತೆಗೆದಳು. "ಅಯ್ಯೋ ಪ್ಲೀಸ್, ಯಾಕೆ ತೊಂದರೆ" ಎಂಬುದನ್ನು ಚಿಕ್ಕಪ್ಪ ಇಂಗ್ಲಿಷಿನಲ್ಲಿ ಹೇಳಿದರು. ಸಲಿಕೆ ಒಳಗೆ ಹೋಯಿತು. 11.08ಕ್ಕೆ ಬಂದ ಮೂರನೆಯವರಿಗೂ ಇದೇ ಉಪಚಾರ.

"ಚಿಕ್ಕಪ್ಪ, ಯಾಕೆ ಬೇಡ ಅಂತೀರಾ?"

"ಕೇಳಿದ ತಕ್ಷಣ ಹೂಂ ಅಂದ್ರೆ ಚೆನ್ನಾಗಿರಲ್ಲ ಕಣೇ. ಇನ್ನೊಂದು ಸಲ ಕೇಳ್ತಾರೆ ಅಂದ್ಕೊಂಡೆ."

"ಇದೇನು ಮದುವೆ ಊಟಾನಾ, ಬೇಡ ಬೇಡ ಅಂದಷ್ಟೂ ಬಡಿಸೋಕೆ?"

ಇಪ್ಪತ್ತು ವರ್ಷದಿಂದ ಈ ದೇಶದಲ್ಲಿದ್ದಾರೆ. ಇಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥ ಎನ್ನುವುದು ಆಫೀಸಿನಲ್ಲಿ ಗೊತ್ತಿರುತ್ತದೆ, ರಸ್ತೆಯಲ್ಲಿ ಮರೆತುಹೋಗುತ್ತದೆ.

11.20. ಮಕ್ಕಳಿದ್ದ ಒಂದು ಸಂಸಾರ ನಿಂತಿತು. ಆ ತಾಯಿ ಕಿಟಕಿಯಿಂದಲೇ ಅಜ್ಜಿಯತ್ತ ಕಿತ್ತಳೆ ಹಣ್ಣು ಹಿಡಿದಳು. ನಾನು ಕೈ ನೀಡುವಷ್ಟರಲ್ಲಿ ಅಜ್ಜಿ ಅದನ್ನು ಹಿಂದಕ್ಕೆ ತಳ್ಳಿ, "ಬೇಡಮ್ಮ, ಈಗ ತಾನೆ ತಿಂಡಿ ಆಯ್ತು, ಮಕ್ಕಳಿಗಿರಲಿ" ಎಂದರು. ಚಿಕ್ಕಪ್ಪ ಅದನ್ನು ನಿಷ್ಠೆಯಿಂದ ಇಂಗ್ಲಿಷಿಗೆ ತಿರುಗಿಸಿದರು. ಮಗ ತಾಯಿಗೆ ತಕ್ಕವನೇ.

11.31ಕ್ಕೆ ಐದನೆಯ ಕಾರು. ಈ ಸಲ ಖಂಡಿತ ಹೂಂ ಅನ್ನುತ್ತೇನೆ ಎಂದು ಚಿಕ್ಕಪ್ಪ ಮಾತು ಕೊಟ್ಟಿದ್ದರು. "ನೋ ನೋ" ಎಂದರು.

"ನಾಲಿಗೆ ತಾನೇ ತಾನಾಗಿ ಅಂದ್ಬಿಡ್ತು ಕಣೇ."

ಹೊತ್ತು ಗುರುತು ಹಾಕಿಕೊಳ್ಳುತ್ತಿದ್ದ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದದ್ದು: ನಿಂತ ಕಾರು ಐದು, ಕಳಿಸಿಕೊಟ್ಟದ್ದು ಐದು.

11.40ಕ್ಕೆ ಅಜ್ಜಿಯ ಕೈ ನಡುಗತೊಡಗಿತು. ಅಷ್ಟು ಚಳಿಯಲ್ಲೂ ಹಣೆಯ ಮೇಲೆ ಬೆವರು. ಕೇಳಿದ್ದಕ್ಕೆ ಉತ್ತರ ತಡವಾಗಿ ಬರುತ್ತಿತ್ತು. ಮಾತ್ರೆ ನುಂಗಿ ಹಸಿದಿದ್ದಕ್ಕೆ ಮೈಯಲ್ಲಿ ಸಕ್ಕರೆ ತೀರಾ ಇಳಿದಿತ್ತು. ಚಿಕ್ಕಪ್ಪನ ನಗು ಆಗ ನಿಂತಿತು. ಕಾರಿನ ಮೂಲೆಮೂಲೆ ತಡಕಿದರೂ ಒಂದು ಚಾಕಲೇಟೂ ಸಿಗಲಿಲ್ಲ.

11.46. ಹಸಿರು ಪಿಕಪ್ ಟ್ರಕ್ಕು ಬಂತು. ನಾನು ಚಿಕ್ಕಪ್ಪನನ್ನು ದಾಟಿ ಓಡಿದೆ. ಅರವತ್ತರ ಆಸುಪಾಸಿನ ಹೆಂಗಸು ಗಾಜು ಇಳಿಸಿ ಬಾಯಿ ತೆರೆಯುವ ಮೊದಲೇ "ಯೆಸ್" ಎಂದೆ.

"ಯೆಸ್ ಟು ವಾಟ್, ಹನಿ?"

ಎಲ್ಲದಕ್ಕೂ, ಎಂದೆ. ಮೊದಲು ಏನಾದರೂ ಸಿಹಿ ಕೊಡಿ.

ಆಕೆ ಸೇಬಿನ ಜ್ಯೂಸು ತಂದಳು, ಅಜ್ಜಿಗೆ ಕಂಬಳಿ ಹೊದಿಸಿದಳು. ಅಜ್ಜಿ ಆಗಲೂ, "ಯಾಕಮ್ಮ ಸುಮ್ನೆ..."

"ಕುಡೀರಿ ಅಜ್ಜಿ! ಎರಡನೇ ಸಲ ಯಾರೂ ಕೇಳಲ್ಲ ಇಲ್ಲಿ."

ಕುಡಿದರು. ಹತ್ತು ನಿಮಿಷಕ್ಕೆ ನಡುಕ ಕಡಿಮೆಯಾಯಿತು. ಹದಿನೈದು ನಿಮಿಷಕ್ಕೆ, ಜ್ಯೂಸಿನಲ್ಲಿ ಸಕ್ಕರೆ ಜಾಸ್ತಿ ಎಂದು ದೂರಿದರು. ಅಷ್ಟರಲ್ಲಿ ಆಕೆ ಹಗ್ಗ ಕಟ್ಟಿ ನಮ್ಮ ಕಾರನ್ನು ರಸ್ತೆಗೆ ಎಳೆದಾಗಿತ್ತು.

ಬೆಟ್ಟ ಇಳಿಯುವಾಗ ಚಿಕ್ಕಪ್ಪ, "ಆದ್ರೂ ಒಂದೇ ಸಲಕ್ಕೆ ಯೆಸ್ ಅಂದ್ಬಿಟ್ಟೆಯಲ್ಲ, ಆಕೆ ಏನಂದ್ಕೊಂಡ್ಳೋ" ಎಂದರು. ನಾನು ಪುಸ್ತಕ ತೆಗೆದು ಅದನ್ನೂ ಬರೆದುಕೊಂಡೆ.

ಆಕೆಯ ಹೆಸರು ಕೇಳಲಿಲ್ಲ. ಕಂಬಳಿ ನಮ್ಮಲ್ಲೇ ಉಳಿದಿದೆ. ಹಸಿರು ಪಿಕಪ್ಪು, ಹಿಂದಿನ ಸೀಟಿನಲ್ಲಿ ಎರಡು ಕಂದು ನಾಯಿ. ಆಕೆ ಯಾರೆಂದು ಗೊತ್ತಿದ್ದವರು ದಯವಿಟ್ಟು ನನಗೆ ಬರೆಯಿರಿ. ನಿಂತು ಕೇಳಿದ ಉಳಿದ ಐದು ಕಾರಿನವರನ್ನು ಬಲ್ಲವರೂ ಬರೆಯಿರಿ. ನಮಗೆ ಸಹಾಯ ಬೇಕಿತ್ತು ಎಂದು ಅವರಿಗೆ ತಿಳಿಸಬೇಕಾಗಿದೆ.