ನೀರಿಗೆ ಬಿಟ್ಟ ಕೌದಿ

ಸುಗ್ರಾಬಿ ಒಳ್ಳೆಯ ಹೆಂಗಸು ಎಂದು ನಾನು ಹೇಳುವುದಿಲ್ಲ. ಹರಿಹರದ ಹೊಳೆ ದಂಡೆಯಲ್ಲಿ ಯಾರನ್ನು ಕೇಳಿದರೂ ಹೇಳುವುದಿಲ್ಲ. ಬಾಯಿ ತೆಗೆದರೆ ಬೈಗುಳ, ಎದುರು ಮಾತಾಡಿದರೆ ಕೈಯಲ್ಲಿದ್ದದ್ದು ಮುಖದ ಮೇಲೆ. ನನ್ನ ಮುಖಕ್ಕೂ ಒಮ್ಮೆ ಎಸೆದಿದ್ದಾಳೆ. ಆ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಆದರೂ ಅವಳ ಬಗ್ಗೆ ಬರೆಯಬೇಕಾದವಳು ನಾನೇ. ಅವಳ ಬದುಕು ಹಾಳಾಗಿದ್ದು ನಾನು ಬರೆದದ್ದರಿಂದಲೇ.

ಅವಳು ಮಲೇಬೆನ್ನೂರಿನ ಪಿಂಜಾರರ ಮನೆಯ ಮಗಳು. ಹರಿಹರದ ಹಿದಾಯತ್‌ನನ್ನು ಮದುವೆಯಾಗಿ ಬಂದಳು. ಹಿದಾಯತ್ ಹೆಗಲ ಮೇಲೆ ಬಿಲ್ಲು ಹೊತ್ತು ಬೀದಿ ಬೀದಿ ತಿರುಗಿ, ಕರೆದವರ ಜಗಲಿಯ ಮೇಲೆ ಕುಳಿತು ಹತ್ತಿ ಹಿಂಜಿ ಗಾದಿ ತುಂಬಿಕೊಡುತ್ತಿದ್ದ. ಫೋಮಿನ ಹಾಸಿಗೆ ಬಂದ ಮೇಲೆ ಆ ಬಿಲ್ಲಿನ ಸದ್ದು ಯಾರಿಗೂ ಬೇಡವಾಯಿತು. ಎದೆಯ ತುಂಬ ಹತ್ತಿಯ ಧೂಳು ತುಂಬಿಕೊಂಡು, ಕೆಮ್ಮಿ ಕೆಮ್ಮಿ ಅವನು ತೀರಿಕೊಂಡಾಗ ಮಗಳು ಫಿರ್ದೌಸ್ ಇನ್ನೂ ಕೂಸು. ಸುಗ್ರಾಬಿಗೆ ಸೂಜಿ ಹಿಡಿಯುವುದು ಗೊತ್ತಿತ್ತು. ಮೊದಲಿನಿಂದಲೂ ಆಗೀಗ ಹೊದೆಯುವ ಕೌದಿ ಹೊಲಿಯುತ್ತಿದ್ದವಳು ಈಗ ಅದಕ್ಕೇ ಕುಳಿತಳು.

ಕೌದಿಗೆ ಹಳೆಯ ಬಟ್ಟೆ ಬೇಕು. ಕೆಲವು ಮನೆಯವರು ತಮ್ಮ ಹಳೆ ಸೀರೆ, ಪಂಚೆಗಳನ್ನು ಗಂಟು ಕಟ್ಟಿ ಕೊಟ್ಟು ಹೊಲಿಸಿಕೊಳ್ಳುತ್ತಿದ್ದರು. ಹಾಗೆ ಕೊಡಲು ಬಟ್ಟೆಯಿಲ್ಲದವರಿಗೆ ಅವಳೇ ಬಟ್ಟೆ ಹೊಂದಿಸಿ ಹೊಲಿದು ಮಾರುತ್ತಿದ್ದಳು. ಆ ಬಟ್ಟೆ ಹೊಳೆಯದು. ಸತ್ತವರ ಕರ್ಮ ಮಾಡಲು ಸುತ್ತಲಿನ ಊರುಗಳಿಂದ ಜನ ಹರಿಹರಕ್ಕೆ ಬರುತ್ತಾರೆ. ಕೆಲಸ ಮುಗಿಸಿ ತುಂಗಭದ್ರೆಯಲ್ಲಿ ಮುಳುಗು ಹಾಕಿ, ಉಟ್ಟದ್ದನ್ನೋ ಸತ್ತವರು ಉಡುತ್ತಿದ್ದದ್ದನ್ನೋ ನೀರಿಗೆ ಬಿಟ್ಟು, ಹಿಂತಿರುಗಿ ನೋಡದೆ ಹೋಗುತ್ತಾರೆ. ಗ್ರಹಚಾರ ಸರಿಯಿಲ್ಲ ಎನ್ನುವವರೂ ಮೈಮೇಲಿನದನ್ನು ಅಲ್ಲೇ ಬಿಡುತ್ತಾರೆ. ಸುಗ್ರಾಬಿ ಕೊಕ್ಕೆ ಕಟ್ಟಿದ ಬಿದಿರು ಗಳದಿಂದ ಅವನ್ನು ಎಳೆದು, ಸೋಡಾ ಹಾಕಿ ಕುದಿಸಿ, ಒಗೆದು, ಮೆಟ್ಟಿಲ ಮೇಲೆ ಕಲ್ಲು ಹೇರಿ ಒಣಗಿಸುತ್ತಿದ್ದಳು. ಯಾರಾದರೂ ಕೊಂಕು ತೆಗೆದರೆ ಅವಳದು ಒಂದೇ ಮಾತು. "ನೀರಿಗೆ ಬಿಟ್ಟಿದ್ದು ನಿಮ್ದಲ್ಲ. ತೆಗ್ದೋಳು ನಾನು, ನಂದು." ಹರಿಹರದವರಿಗೆ ಇದೆಲ್ಲ ಗೊತ್ತಿತ್ತು. ದಾವಣಗೆರೆಯವರು ಕೇಳಲು ಹೋಗಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ತಲೆಯ ಮೇಲೆ ಕೌದಿಯ ಹೊರೆ ಹೊತ್ತು ದಾವಣಗೆರೆಯ ನಮ್ಮ ಪಿ.ಜೆ. ಬಡಾವಣೆಗೆ ಬರುತ್ತಿದ್ದಳು. "ಬರ್ರಿ ಬೂಬಮ್ಮ, ಕೂಡ್ರಿ" ಎಂದು ನಮ್ಮಜ್ಜಿ ಕಮಲಕ್ಕ ಜಗಲಿಯ ಮೇಲೆ ಕೂರಿಸಿ ಚಹಾ ಕೊಡುತ್ತಿದ್ದಳು. ನಾನು ಹುಟ್ಟಿದಾಗ ಬಟ್ಟೆಯ ಗಂಟು ಕೊಟ್ಟು ಒಂದು ಕೌದಿ ಹೊಲಿಸಿದ್ದೂ ಅಜ್ಜಿಯೇ. ಕೊನೆಯ ಮೂಲೆ ಮುಚ್ಚುವ ಮೊದಲು ಸುಗ್ರಾಬಿ ನಮ್ಮ ಮನೆಯ ಒಂದು ಚಿಟಿಕೆ ಜೋಳ ಕೇಳಿ ಒಳಗೆ ಹಾಕಿ ಹೊಲಿದಳಂತೆ. ಕೌದಿಯ ಹೊಟ್ಟೆ ಖಾಲಿ ಇರಬಾರದು ಎನ್ನುವುದು ಅವರ ಪದ್ಧತಿ. ಇಪ್ಪತ್ತು ವರ್ಷ ನಾನು ಅದನ್ನೇ ಹೊದ್ದು ಮಲಗಿದೆ.

ತೊಂಬತ್ತೆಂಟರಲ್ಲಿ ನಾನು ಕಾಲೇಜಿನ ಎರಡನೆಯ ವರ್ಷದಲ್ಲಿದ್ದೆ. ನಮ್ಮ ಎನ್ನೆಸ್ಸೆಸ್ ನೋಡಿಕೊಳ್ಳುತ್ತಿದ್ದ ನಾಗಭೂಷಣ್ ಸರ್‌ಗೆ ಕರಾವಳಿಯ ಯಾವುದೋ ಸಂಸ್ಥೆಯಿಂದ ಒಂದು ಕಟ್ಟು ಫಾರಂ ಬಂತು. ಸಮುದ್ರ ತೀರದ ಕಸ ಆರಿಸಿ, ಯಾವುದು ಎಷ್ಟು ಎಂದು ತುಂಬಿ ಕಳಿಸಬೇಕು. ದಾವಣಗೆರೆಯಲ್ಲಿ ಸಮುದ್ರ ಎಲ್ಲಿಂದ ತರುವುದು? ಸರ್ ಹೆದರುವವರಲ್ಲ. "ಹೊಳೆ ಕಸವೇ ಸಮುದ್ರದ ಕಸ" ಎಂದು ಭಾಷಣ ಮಾಡಿ, ಅರವತ್ತು ಜನರನ್ನು ಹರಿಹರಕ್ಕೆ ಕರೆದುಕೊಂಡು ಹೋದರು. ಆರು ತಂಡ. ಹೆಚ್ಚು ತೂಕದ ಕಸ ತಂದ ತಂಡಕ್ಕೆ ಶೀಲ್ಡ್. ಒಂದು ತಂಡಕ್ಕೆ ನಾನು ಲೀಡರ್.

ಬೆಳಿಗ್ಗೆಯಿಂದ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಸಿಕ್ಕಿದ್ದು ಗುಟ್ಕಾ ಚೀಟಿ, ಶಾಂಪೂ ಚೀಟಿ, ಹಾಲಿನ ಕವರು. ಚೀಲ ತುಂಬಿದರೂ ತಕ್ಕಡಿ ಅಲುಗಾಡುತ್ತಿರಲಿಲ್ಲ. ಆಗ ನಮ್ಮ ತಂಡದ ಬಕ್ಕೇಶ್ ಮೆಟ್ಟಿಲ ಕಡೆ ಕೈ ತೋರಿಸಿದ.

"ನಯನಾ, ಅಲ್ನೋಡು ಹಸಿ ಬಟ್ಟೆ. ಅದನ್ನ ಹಾಕಿದ್ರೆ ನಾವೇ ಫಸ್ಟು."

ಅದು ಯಾರದೋ ಬಟ್ಟೆ ಎಂದು ನನಗೆ ಗೊತ್ತಾಯಿತು. ಬಿಳಿಯದು ಒಂದು ಕಡೆ, ಬಣ್ಣದ್ದು ಒಂದು ಕಡೆ, ಪ್ರತಿಯೊಂದರ ಮೇಲೂ ಕಲ್ಲು. ಕಸ ಹಾಗೆ ಸಾಲಾಗಿ ಬಿದ್ದಿರುವುದಿಲ್ಲ. ಗೊತ್ತಿದ್ದೂ "ಹಾಕು" ಎಂದೆ. ಮೂರು ಚೀಲ ತುಂಬಿತು.

ತೂಗುವ ಹೊತ್ತಿಗೆ ಸುಗ್ರಾಬಿ ಬಕೆಟ್ ಹಿಡಿದು ಮೆಟ್ಟಿಲಿಳಿದು ಬಂದಳು. ಬರಿ ಕಲ್ಲುಗಳನ್ನು ನೋಡಿದಳು, ನಮ್ಮ ಚೀಲಗಳನ್ನು ನೋಡಿದಳು. ಬಕೆಟ್ ಅಲ್ಲೇ ಬಿಸಾಕಿ ಚೀಲದ ತಳ ಹಿಡಿದು ಸುರಿದಳು.

"ಯಾವನ್ಲೇ ಅವ್ನು ನನ್ ಬಟ್ಟೆ ಮುಟ್ಟಿದ್ದು? ಕರ್ಮಕ್ಕೆ ಬಂದೋರು ಬಿಟ್ಟಿದ್ದನ್ನ ಹೊಳೆಯಿಂದ ಎಳ್ದು, ಕೌದಿಗೆ ಅಂತ ಒಣಗಿಸಿದ್ದು! ಓದೋಕೆ ಕಳ್ಸಿದ್ರೆ ಕಳ್ಳತನ ಕಲ್ತೀರಾ?"

ನಾಗಭೂಷಣ್ ಸರ್ ಮುಂದೆ ಬಂದರು. "ನೋಡಮ್ಮ, ಈ ಕಸ ಇಲ್ಲಿಂದ ತೇಲಿಕೊಂಡು ಹೋಗಿ ಸಮುದ್ರ ಸೇರುತ್ತೆ. ಅಲ್ಲಿ ಆಮೆಗಳು ತಿಂದು ಸಾಯ್ತವೆ."

"ಯಾವ ಸಮುದ್ರರೀ? ಇಲ್ಲಿಂದ ಹೋಗಿದ್ದು ಹೊಸಪೇಟೆ ಡ್ಯಾಮ್‌ನಾಗೆ ನಿಂತ್ಕಂತೈತೆ. ಅಷ್ಟೂ ಗೊತ್ತಿಲ್ದೆ ಮೇಷ್ಟ್ರಾಗೀರಾ? ನಿಮ್ ಆಮೆ ಬದುಕ್ಲಿ ಅಂತ ನಾನು ನನ್ ಮಗಳು ಉಪವಾಸ ಸಾಯಾಣಾ?"

ಹುಡುಗರು ಮುಸಿಮುಸಿ ನಕ್ಕರು. ಸರ್ ಮುಖ ಕೆಂಪಾಯಿತು. ಲೀಡರ್ ಅನ್ನಿಸಿಕೊಂಡವಳು ನಾನು, ಸುಮ್ಮನಿರಬಹುದಿತ್ತು. ಇರಲಿಲ್ಲ.

"ಫಾರಂನಲ್ಲಿ ಬರ್ಕೊಂಡಾಗಿದೆ, ಇದು ಕಸ. ಯಾರೋ ಸತ್ತೋರು ಬಿಟ್ಟ ಬಟ್ಟೆ ನಿಂದು ಹೆಂಗಾಗುತ್ತೆ?"

ಅವಳು ನನ್ನನ್ನು ದಿಟ್ಟಿಸಿ ನೋಡಿದಳು. "ಕಮಲಕ್ಕನ ಮೊಮ್ಮಗಳಲ್ಲ ನೀನು? ನಾನು ಹೊಲ್ದ ಕೌದಿಯಾಗೆ ಉಚ್ಚೆ ಹೊಯ್ಕಂಡು ಬೆಳ್ದೋಳು. ನನ್ ಬಟ್ಟೆಗೆ ಕಸ ಅಂತೀಯಾ?"

ಅರವತ್ತು ಜನ ಗೊಳ್ಳೆಂದು ನಕ್ಕರು. ಆ ನಗು ನಿಲ್ಲುವ ಮೊದಲೇ ಅವಳ ಕೈಯಲ್ಲಿದ್ದ ಹಸಿ ಪಂಚೆ ರಪ್ಪನೆ ನನ್ನ ಮುಖಕ್ಕೆ ಬಿತ್ತು. ಸತ್ತ ಯಾರದೋ ಪಂಚೆ. ಶೀಲ್ಡ್ ಬೇರೆ ತಂಡಕ್ಕೆ ಹೋಯಿತು.

ಮನೆಗೆ ಬಂದು ಮೂರು ಸಲ ಸೋಪು ಹಾಕಿ ಮುಖ ತೊಳೆದೆ. ಆಮೇಲೆ ಶಿಬಿರದ ವರದಿ ಬರೆಯಲು ಕುಳಿತೆ. ಹೊಳೆ, ಪ್ಲಾಸ್ಟಿಕ್ಕು, ಆಮೆ ಎಲ್ಲ ಬರೆದು ಕೊನೆಗೆ ಇಷ್ಟು ಸೇರಿಸಿದೆ: "ಹರಿಹರದಲ್ಲಿ ಸತ್ತವರ ಹೆಸರಿನಲ್ಲಿ ನದಿಗೆ ಬಿಡುವ ಬಟ್ಟೆಗಳನ್ನು ಸುಗ್ರಾಬಿ ಎಂಬುವರು ಆರಿಸಿ, ಕೌದಿ ಹೊಲಿದು ದಾವಣಗೆರೆಯ ಬಡಾವಣೆಗಳಲ್ಲಿ ಮಾರುತ್ತಿರುವುದು ಕಂಡುಬಂದಿದೆ." ಒಂದಕ್ಷರ ಸುಳ್ಳಿರಲಿಲ್ಲ. ಬರೆಯುವಾಗ ಹಲ್ಲು ಕಡಿಯುತ್ತಿದ್ದೆ ಎನ್ನುವುದೂ ಸುಳ್ಳಲ್ಲ.

ಸರ್ ಅದನ್ನು ಊರಿನ ಒಂದು ಪತ್ರಿಕೆಗೆ ಕೊಟ್ಟರು. ಪತ್ರಿಕೆಯವರು ಹೊಳೆಯನ್ನೂ ಆಮೆಯನ್ನೂ ಕತ್ತರಿಸಿ ಕೊನೆಯ ವಾಕ್ಯವನ್ನಷ್ಟೇ ದಪ್ಪ ಅಕ್ಷರದಲ್ಲಿ ಹಾಕಿದರು. ಕೆಳಗೆ ನನ್ನ ಹೆಸರು.

ಮಧ್ಯಾಹ್ನದೊಳಗೆ ನಮ್ಮ ಬೀದಿಯ ಹೆಂಗಸರೆಲ್ಲ ಕೌದಿಗಳನ್ನು ಹೊರಗೆ ತಂದು ಕೋಲಿನಲ್ಲಿ ಎತ್ತಿ ನೋಡತೊಡಗಿದರು. ನಾನು ಬರೆಯದ ಮಾತುಗಳೂ ಸುದ್ದಿಗೆ ಸೇರಿಕೊಂಡವು. ಬೇಕಂತಲೇ ಮಾಡಿದ್ದಾಳೆ, ಅವರೇ ಹಾಗೆ, ಎಂದು ಶುರುವಾಯಿತು. ಅದಕ್ಕೆ ಅವಳ ಹೆಸರೊಂದೇ ಸಾಕಾಗಿತ್ತು. ಭಾನುವಾರ ಅವಳು ಎಂದಿನಂತೆ ಹೊರೆ ಹೊತ್ತು ಬಂದಾಗ ಒಂದೊಂದೇ ಬಾಗಿಲು ಮುಚ್ಚಿತು. ನಮ್ಮಜ್ಜಿ ಕಿಟಕಿಯಿಂದಲೇ "ಬ್ಯಾಡ ಬೂಬಮ್ಮ, ಹೋಗ್ರಿ" ಎಂದಳು. ಕೂಡ್ರಿ ಎನ್ನಲಿಲ್ಲ. ಒಳಗಿದ್ದ ನನಗೆ ಖುಷಿಯಾಯಿತು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಆಗ ಆದದ್ದು ಖುಷಿಯೇ.

ದಸರೆಯ ಹೊತ್ತಿಗೆ ನನಗೆ ಜ್ವರ ಬಂತು. ಊರಿಗೆಲ್ಲ ಬಂದ ಜ್ವರ. ಅಜ್ಜಿಯ ಲೆಕ್ಕ ಬೇರೆ. ನಮ್ಮದು ಲಿಂಗ ಕಟ್ಟಿದವರಿಗೆ ಸಾವಿನ ಸೂತಕವಿಲ್ಲ ಎಂದು ನಾಲ್ಕು ಜನರೆದುರು ಎದೆ ತಟ್ಟಿಕೊಳ್ಳುವ ಮನೆ. ಅಂಥ ಮನೆಯ ಯಜಮಾನಿ ನನ್ನ ಮೈಮೇಲಿಂದ ಕೌದಿ ಕಿತ್ತುಕೊಂಡು ಗಂಟು ಕಟ್ಟಿದಳು. ಸುಟ್ಟರೆ ಕೆಡುಕು, ಕೊಟ್ಟರೆ ತಗೊಳ್ಳುವವರಿಲ್ಲ, ಹೊಳೆಗೇ ಬಿಡಬೇಕು ಎಂದು ಬೀದಿಯವರೆಲ್ಲ ತೀರ್ಮಾನಿಸಿ ಆಗಿತ್ತು.

"ಅಜ್ಜಿ, ಇದಕ್ಕೆ ನಮ್ ಬಟ್ಟೇನೇ ಕೊಟ್ಟಿದ್ದೆ ಅಂತಿದ್ದೆಯಲ್ಲ?" ಎಂದೆ.

"ಕೊಟ್ಟಿದ್ದು ನಮ್ದೇ. ಅವ್ಳು ಒಳಗೆ ಹಾಕಿದ್ದು ಯಾರ್ದೋ ಯಾರಿಗ್ ಗೊತ್ತು? ನೀನೇ ಬರ್ದೀಯಲ್ಲ!"

ಜ್ವರ ಬಿಟ್ಟ ಮೇಲೆ ಗಂಟು ಹೊರಲು ನನ್ನನ್ನೇ ಕರೆದುಕೊಂಡು ಅಜ್ಜಿ ಹರಿಹರಕ್ಕೆ ಹೊರಟಳು.

ಮೆಟ್ಟಿಲಿಗೆ ಬಂದಾಗ ನಾನು ನಿಂತುಬಿಟ್ಟೆ. ಹತ್ತು ಹನ್ನೆರಡು ಕೌದಿಗಳು ಸಾಲಾಗಿ ಕಲ್ಲಿನ ಮೇಲೆ ಒಣಗುತ್ತಿದ್ದವು. ನಮ್ಮ ಬೀದಿಯವೇ, ಎರಡನ್ನು ನಾನೇ ಗುರುತಿಸಿದೆ. ಕೆಳಗಿನ ಮೆಟ್ಟಿಲಲ್ಲಿ ಫಿರ್ದೌಸ್ ಇನ್ನೊಂದನ್ನು ಹಿಂಡುತ್ತಿದ್ದಳು. ಸುಗ್ರಾಬಿ ಸೊಂಟದವರೆಗೆ ನೀರಿನಲ್ಲಿ ಗಳ ಹಿಡಿದು ನಿಂತಿದ್ದಳು. ನಾವು ಬಂದದ್ದನ್ನು ನೋಡಿದಳು.

ಅಜ್ಜಿ ಅವಳ ಕಡೆ ನೋಡದೆ ಗಂಟು ಬಿಚ್ಚಿ ಕೌದಿಯನ್ನು ನೀರಿಗೆ ತಳ್ಳಿ, ಕೈಮುಗಿದು ಹಿಂದಿರುಗಿದಳು. ಕೌದಿ ನೀರು ಕುಡಿದು ನಿಧಾನವಾಗಿ ಮುಳುಗತೊಡಗಿತು. ಸುಗ್ರಾಬಿ ಕೊಕ್ಕೆ ಹಾಕಿ ಎಳೆದು ಮೆಟ್ಟಿಲ ಮೇಲೆ ಹರವಿದಳು. ಅಂಚಿನ ಮೇಲೆ ಬೆರಳಾಡಿಸಿದಳು.

"ಕಮಲಕ್ಕ, ನಿಂತ್ಕಳ್ರಿ. ಇದು ನಿಮ್ದು."

"ಬ್ಯಾಡ ಕಣವ್ವ, ಬಿಟ್ಟಾಯ್ತು."

"ನಿಂತ್ಕಳ್ರಿ ಅಂದೆ."

ಅಜ್ಜಿ ನಿಂತಳು. ಸುಗ್ರಾಬಿ ಸೊಂಟದ ಚೀಲದಿಂದ ಕತ್ತರಿ ತೆಗೆದು ಒಂದು ಬದಿಯ ಹೊಲಿಗೆ ಬಿಚ್ಚಿದಳು. ಮೇಲಿನ ಬಣ್ಣದ ತುಂಡುಗಳ ಅಡಿಯಲ್ಲಿ ಬಿಳಿ ಪಂಚೆಯೊಂದು ಮಡಿಕೆ ಮಡಿಕೆಯಾಗಿ ಕಂಡಿತು. ಅದರ ಮೂಲೆ ಎಳೆದು ಅಜ್ಜಿಯ ಮುಖಕ್ಕೆ ಹಿಡಿದಳು. ಮಡಿವಾಳರು ಹಾಕುವ ಕಪ್ಪು ಗುರುತು: ಮೂರು ಚುಕ್ಕೆ, ಅಡ್ಡ ಒಂದು ಗೆರೆ. ನಮ್ಮ ಮನೆಯ ಗುರುತು ಅದು. ನನ್ನ ದುಪಟ್ಟಾದ ಮೂಲೆಯಲ್ಲೂ ಇತ್ತು.

"ನಿಮ್ ಯಜಮಾನ್ರು ತೀರ್ಕಂಡ ತಿಂಗ್ಳೇ ನಿಮ್ ಮೊಮ್ಮಗಳು ಹುಟ್ಟಿದ್ದು. ಅವ್ರ ಪಂಚೆ ಎದಿಗೆ ಅವುಚ್ಕಂಡು ಅತ್ಕಂತ ನನ್ ಕೈಗೆ ಕೊಟ್ರಿ. ಮಗೂಗೆ ಅಜ್ಜನ ಬಿಸಿ ಸಿಗ್ಲಿ, ನಡುವಿಗೆ ಹಾಕು ಅಂದ್ರಿ. ನಡುವಿಗೇ ಹಾಕೀನಿ. ಕೊಟ್ಟೋರ ಬಟ್ಟೆ ಕೊಟ್ಟೋರಿಗೆ. ಒಂದು ಚಿಂದಿನೂ ಅದಲು ಬದಲು ಮಾಡಿಲ್ಲ ನಾನು."

ಅಜ್ಜಿ ಮೆಟ್ಟಿಲ ಮೇಲೆ ಕುಳಿತಳು. ಒದ್ದೆ ಪಂಚೆಯ ಆ ಮೂಲೆಯನ್ನು ಹಿಡಿದು ಗೆರೆಯ ಮೇಲೆ ಹೆಬ್ಬೆರಳು ಒತ್ತಿದಳು. ಅವಳ ಗಂಡನದು ಎಂದು ಮನೆಯಲ್ಲಿ ಒಂದು ಫೋಟೋ ಬಿಟ್ಟರೆ ಬೇರೇನೂ ಇರಲಿಲ್ಲ.

"ತಪ್ಪಾತು ಬೂಬಮ್ಮ. ಇದನ್ನ ಕೊಟ್ಬಿಡ್ರಿ."

"ಕೊಡಲ್ಲ."

"ನಮ್ ಯಜಮಾನ್ರದು ಕಣವ್ವ."

"ಆಗ್ಲಿಂದ ಅದನ್ನೇ ಹೇಳ್ತಿದ್ದೆ ನಾನು. ಈಗ ನೀರಿಗೆ ಬಿಟ್ಟೀರಿ. ತೆಗ್ದೋಳು ನಾನು, ನಂದು." ಅಜ್ಜಿಯ ಕೈಯಿಂದ ಆ ಮೂಲೆಯನ್ನು ಬಿಡಿಸಿಕೊಂಡಳು. ಒರಟಾಗಿಯೇ ಬಿಡಿಸಿಕೊಂಡಳು.

"ನಾನು ಪೇಪರ್‌ಗೆ ಇನ್ನೊಂದು ಸಲ ಬರೀತೀನಿ. ನಾನು ಬರ್ದಿದ್ದು ತಪ್ಪು ಅಂತ ಬರೀತೀನಿ" ಎಂದೆ.

ಅವಳು ಅವತ್ತು ಮೊದಲ ಬಾರಿ ನನ್ನ ಕಡೆ ತಿರುಗಿದಳು. "ಏನಂತ ಬರೀತೀಯ? ನಾನು ಹೊಳೆ ಬಟ್ಟೆ ತೆಗೆಯಲ್ಲ ಅಂತಲಾ? ತೆಗೀತೀನಿ. ಮಾರಲ್ಲ ಅಂತಲಾ? ಮಾರ್ತಿದ್ದೆ. ನೀನು ಬರ್ದಿದ್ದು ನಿಜಾನೇ. ಸುಳ್ಳಾಗಿದ್ರೆ ನಿನ್ ಜುಟ್ಟು ಹಿಡ್ದು ಕೇಳ್ತಿದ್ದೆ. ನಿಜ ಬರ್ದು ನನ್ನ ಕೊಂದೀಯ, ಅದನ್ನ ಹೆಂಗೆ ವಾಪಸ್ ತಗಂತೀಯ ಹೇಳು?"

ಉತ್ತರಕ್ಕೆ ಅವಳು ಕಾಯಲಿಲ್ಲ. ದಾರ ಪೋಣಿಸಿ, ಬಿಚ್ಚಿದ ಬದಿಯನ್ನು ಒದ್ದೆಯಿದ್ದಂತೆಯೇ ಹೊಲಿದು ಮುಚ್ಚಿದಳು. ಕೊನೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಚುಕಿ ಒಳಗಿನ ಜೋಳ ಇದೆಯೋ ಇಲ್ಲವೋ ನೋಡಿದಳು.

"ಏಳ್ರಿ, ಮೆಟ್ಲು ಬಿಡ್ರಿ. ಇದನ್ನ ಹರವ್ಬೇಕು. ಬರೋ ಚಳಿಗೆ ನಮಗೇ ಆಗ್ತೈತೆ."

ಅಜ್ಜಿಯನ್ನು ಎಬ್ಬಿಸಲು ಕೈ ಕೊಟ್ಟೆ. ಅವಳು ಹಿಡಿಯಲಿಲ್ಲ. ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದಳು. ದಾವಣಗೆರೆ ಬಸ್ಸಿನಲ್ಲಿ ನನ್ನ ಪಕ್ಕ ಜಾಗ ಖಾಲಿಯಿತ್ತು. ಅಜ್ಜಿ ಮುಂದೆ ಹೋಗಿ ಗುರುತಿಲ್ಲದ ಹೆಂಗಸೊಬ್ಬಳ ಪಕ್ಕ ಕುಳಿತಳು.